ದೊಡ್ಡಪ್ಪನ ಅಡಿಕೆ ವಖಾರಿಗೆ ಸಾಫ್ಟ್‌ವೇರ್: ಡೆಸ್ಕ್‌ಟಾಪ್ ಮಾಡಲೋ, ವೆಬ್ ಮಾಡಲೋ?

ತೋಟದಾಚೆ:

ಎಲ್ಲರಿಗೂ ನಮಸ್ಕಾರ. ನಾನು ಸಿದ್ದಾಪುರದ ಕಡೆಯವನು. ಆರು ವರ್ಷ ಬೆಂಗಳೂರಲ್ಲಿ ಜಾವಾ ಬರೆದೆ, ಈಗ ಮನೆಯಿಂದಲೇ ಕೆಲಸ. ನಮ್ಮ ದೊಡ್ಡಪ್ಪನದ್ದು ಸಣ್ಣದೊಂದು ಅಡಿಕೆ ವಖಾರಿ ಇದೆ, ಅಂದ್ರೆ ರೈತರ ಅಡಿಕೆ ಇಟ್ಕೊಂಡು ಮಾರಿಸಿ ಕೊಡೋ ಮಂಡಿ. ಈ ಸಲ ಮಳೆ ಶುರುವಾಗೋ ಹೊತ್ತಿಗೆ ಬಡಿದ ಸಿಡಿಲಿಗೆ ಅಲ್ಲಿದ್ದ ಹಳೇ ಕಂಪ್ಯೂಟರ್ ಹೋಯ್ತು. ಪುಣ್ಯಕ್ಕೆ ಹಾರ್ಡ್ ಡಿಸ್ಕ್ ಉಳೀತು. ಅದರಲ್ಲಿ ಇದ್ದದ್ದು ಡಾಸ್ ಕಾಲದ ಫಾಕ್ಸ್‌ಪ್ರೊ ಅನ್ನೋ ಡೇಟಾಬೇಸಲ್ಲಿ ಬರೆದ ಪ್ರೋಗ್ರಾಂ. ಕಪ್ಪು ಪರದೆ, ಹಳದಿ ಅಕ್ಷರ. ಬರೆದವರು ಯಾರು ಅಂತ ದೊಡ್ಡಪ್ಪನಿಗೂ ಸರಿಯಾಗಿ ನೆನಪಿಲ್ಲ, 'ಹುಬ್ಬಳ್ಳಿ ಕಡೆಯಿಂದ ಒಬ್ರು ಬರ್ತಿದ್ರು' ಅಂತಾರೆ ಅಷ್ಟೆ.

ಹೊಸ ಕಂಪ್ಯೂಟರಲ್ಲಿ ವಿಂಡೋಸ್ 11 ಇದೆ. 64 ಬಿಟ್ ಆದ್ದರಿಂದ ಹಳೇದು ಬಾಯೇ ಬಿಡಲಿಲ್ಲ. ಹಳೇ ಡಾಸ್ ಪ್ರೋಗ್ರಾಂಗಳನ್ನ ಓಡಿಸೋ ಡಾಸ್‌ಬಾಕ್ಸ್ ಹಾಕಿ ಎಬ್ಬಿಸಿದೆ. ಖಾತೆ ಕಾಣಿಸ್ತು, ಆದರೆ ಪಟ್ಟಿ, ಅಂದ್ರೆ ರೈತರಿಗೆ ಕೊಡೋ ಮಾರಾಟದ ಲೆಕ್ಕದ ಚೀಟಿ, ಪ್ರಿಂಟ್ ಆಗಲ್ಲ. ದೊಡ್ಡಪ್ಪ 'ಪಟ್ಟಿ ಬರದಿದ್ರೆ ಇದ್ಯಾಕೋ ತಮಾ, ಟೀವಿ ನೋಡಿದ ಹಾಗೆ' ಅಂದ್ರು. ಸರಿ, ನಾನೇ ಹೊಸದಾಗಿ ಬರೆಯೋಣ ಅಂತ ಕೂತಿದ್ದೀನಿ. ಚೆನ್ನಾಗಿ ಬಂದರೆ ಶಿರಸಿ, ಯಲ್ಲಾಪುರ, ಸಾಗರದ ಬೇರೆ ವಖಾರಿಗಳಿಗೂ ಕೊಡೋ ಆಸೆ ಇದೆ.

ವೆಬ್ ಮಾಡಲೋ ಡೆಸ್ಕ್‌ಟಾಪ್ ಮಾಡಲೋ ಅನ್ನೋದೇ ಮೊದಲ ಗೊಂದಲ. ಆಮೇಲೆ, ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರು ಕಾಪಿ ಹೊಡ್ಕೊಳ್ಳದ ಹಾಗೆ ಲಾಕ್ ಹೇಗೆ ಹಾಕೋದು? ಎಷ್ಟು ದುಡ್ಡು ಕೇಳಬಹುದು? ಪಟ್ಟಿ ಕನ್ನಡದಲ್ಲಿ ಬರಬೇಕು ಅಂತಿದ್ದಾರೆ, ಪ್ರಿಂಟರ್ ಮಾತ್ರ ಹಳೇ ಡಾಟ್ ಮ್ಯಾಟ್ರಿಕ್ಸೇ. ಇಂಥ ಸಣ್ಣ ಕಸುಬಿಗೆ ಸಾಫ್ಟ್‌ವೇರ್ ಮಾಡಿ ಬದುಕಿದವರು ಯಾರಾದ್ರೂ ಇದ್ದರೆ ಹೇಳಿ.


ಮೋಡದ ಮೇಲೆ:

ಈ ಕಾಲದಲ್ಲಿ ಡೆಸ್ಕ್‌ಟಾಪಾ? ವೆಬ್ ಮಾಡಿ, ತಿಂಗಳಿಗೆ 499 ಅಂತ ಇಡಿ. ಅಪ್ಡೇಟ್ ಒಂದೇ ಕಡೆ, ಬ್ಯಾಕಪ್ ತಲೆನೋವಿಲ್ಲ, ಕಾಪಿ ಹೊಡೆಯೋ ಮಾತೇ ಇಲ್ಲ. ರೈತರು ಮೊಬೈಲಲ್ಲೇ ತಮ್ಮ ಖಾತೆ ನೋಡ್ಕೋಬಹುದು. ನೀವು ಕೇಳಿದ ಮುಕ್ಕಾಲು ಪ್ರಶ್ನೆ ಅಲ್ಲಿಗೇ ಮುಗೀತು.


ಕೆಂಪುಗೋಟು:

ಮೇಲಿನವರು ಹೇಳಿದ್ದು ತಪ್ಪಲ್ಲ. ಆದರೆ ಅವರು ವಖಾರಿಯ ಮೆತ್ತೆ ಮೇಲೆ ಕೂತು ನೋಡಿಲ್ಲ ಅನ್ಸತ್ತೆ.

ನಾನು ಸಾಗರದವಳು. 2003ರಲ್ಲಿ ಮದುವೆಯಾಗಿ ಬಂದಾಗ ನನ್ನ ಹತ್ರ ಇದ್ದದ್ದು ಬಿಎಸ್ಸಿ ಮತ್ತೆ ಆರು ತಿಂಗಳ ವಿಬಿ6 (ವಿಷುಯಲ್ ಬೇಸಿಕ್) ಕೋರ್ಸು. ಯಜಮಾನರ ಸೋದರಮಾವನ ವಖಾರಿಗೆ ಅಂತ ಒಂದು ಪ್ರೋಗ್ರಾಂ ಬರೆದೆ. ಈಗ 41 ವಖಾರಿಗಳಲ್ಲಿ ಓಡ್ತಿದೆ. ಆಫೀಸು ಅಂದ್ರೆ ನಮ್ಮನೆ ಜಗಲಿ, ಸಿಬ್ಬಂದಿ ಅಂದ್ರೆ ನಾನು. ಯಜಮಾನರು ಬೈಕಲ್ಲಿ ಹೋಗಿ ಇನ್‌ಸ್ಟಾಲ್ ಮಾಡಿ ಬರ್ತಾರೆ.

ವೆಬ್ ವಿಷಯ ಮೊದಲು. ಕರೆಂಟು, ನೆಟ್ಟು ಅಂತ ಎಲ್ಲರೂ ಕಾರಣ ಹೇಳ್ತಾರೆ. ಮಳೆಗಾಲದಲ್ಲಿ ಅದು ನಿಜ, ಕರೆಂಟ್ ಹೋದ ಒಂದೆರಡು ಗಂಟೆಗೆ ಟವರೂ ಮಲಗತ್ತೆ. ಆದರೆ ನನಗೆ ಗಿರಾಕಿಗಳು ವೆಬ್ ಬೇಡ ಅಂದದ್ದು ಅದಕ್ಕಲ್ಲ. ವಖಾರಿಯ ಖಾತೆಯಲ್ಲಿ ಏನಿರತ್ತೆ ಯೋಚನೆ ಮಾಡು. ಯಾರು ಮಗಳ ಮದುವೆಗೆ ಎಷ್ಟು ಮುಂಗಡ ತಗೊಂಡರು, ಯಾರ ಅಡಿಕೆ ಎಷ್ಟು ಚೀಲ ದಾಸ್ತಾನು ಬಿದ್ದಿದೆ, ಯಾರ ಬಡ್ಡಿ ಮೂರು ವರ್ಷದಿಂದ ಬೆಳೀತಿದೆ. ಊರಿನ ಮರ್ಯಾದೆಯೆಲ್ಲ ಆ ಪುಸ್ತಕದಲ್ಲಿ ಇದೆ. ಅದು ಎಲ್ಲೋ ಮುಂಬೈನ ಕಂಪ್ಯೂಟರಲ್ಲಿ ಇರತ್ತೆ ಅಂದ ಕೂಡಲೇ ನಮ್ಮ ಮಾವ 'ಹಂಗಾದ್ರೆ ಬ್ಯಾಡ' ಅಂದ್ರು. ಕಂಪ್ಯೂಟರು ಕಣ್ಣೆದುರು ಇರಬೇಕು, ಬೀಗ ಹಾಕೋ ಕೋಣೇಲಿ ಇರಬೇಕು. ನೀನು ಎಷ್ಟೇ ಎನ್‌ಕ್ರಿಪ್ಷನ್ ಅಂತ ಹೇಳಿದ್ರೂ ಆ ಮಾತು ಅಲ್ಲಿ ನಡೆಯಲ್ಲ. ರೈತರು ಮೊಬೈಲಲ್ಲಿ ಖಾತೆ ನೋಡೋದು ಅಂದ್ರಲ್ಲ, ಅದೇ ಫೋನನ್ನ ಹಟ್ಟೀಲಿ ನೆಂಟರಿಷ್ಟರೆಲ್ಲ ಆಡಿಸ್ತಾರೆ ಮಾರಾಯ್ರೆ.

ಬ್ಯಾಕಪ್‌ಗೆ ನನ್ನ ಉಪಾಯ: ಸಂಜೆ ಪ್ರೋಗ್ರಾಂ ಮುಚ್ಚಬೇಕಾದ್ರೆ ಪೆನ್‌ಡ್ರೈವ್ ಚುಚ್ಚಲೇಬೇಕು, ಕಾಪಿ ಆಗದೆ ಅದು ಮುಚ್ಚಲ್ಲ. ಎರಡು ಪೆನ್‌ಡ್ರೈವ್, ಒಂದು ದಿನ ಬಿಟ್ಟು ಒಂದು. ಸಾಹುಕಾರರು ಅದನ್ನ ಕೀ ಗೊಂಚಲಿಗೆ ಹಾಕ್ಕೊಂಡು ಮನೆಗೆ ಒಯ್ತಾರೆ. ಶುರುವಲ್ಲಿ ಎಲ್ಲರೂ ಬೈದರು. ಈಗ ಎರಡು ಕಡೆ ಸಿಡಿಲು ಬಡಿದ ಮೇಲೆ ಯಾರೂ ಬೈಯಲ್ಲ.

ಇನ್ನು ನಿನಗೆ ಯಾರೂ ಹೇಳದ ವಿಷಯ. ಕೋಡು ಬರೆಯೋ ಮುಂಚೆ ದೊಡ್ಡಪ್ಪನ ಗುಮಾಸ್ತರ ಕೈಬರಹದ ಪಟ್ಟಿ ಒಂದು ಇನ್ನೂರು ತಗೋ. ನಿನ್ನ ಪ್ರೋಗ್ರಾಮಿನಲ್ಲಿ ಅವನ್ನೇ ಮತ್ತೆ ಹಾಕು. ಕೊನೇ ರೂಪಾಯಿವರೆಗೂ ಅದೇ ಮೊತ್ತ ಬರಬೇಕು. ನಿನ್ನದೇ ಸರಿ, ಅವರದ್ದು ತಪ್ಪು ಅಂತ ಎಲ್ಲಾದ್ರೂ ಅನ್ನಿಸಿದ್ರೆ ಅಲ್ಲಿ ನಿಲ್ಲು, ಕೇಳು.

ನಾನು ಕೇಳಲಿಲ್ಲ. ಈಗಿನ ದರದಲ್ಲೇ ಲೆಕ್ಕ ಹೇಳ್ತೀನಿ. ಒಬ್ಬರ ಚಾಲಿ ಅಡಿಕೆ 1 ಕ್ವಿಂಟಲ್ 25 ಕೆಜಿ, ಟೆಂಡರ್ ದರ ಕ್ವಿಂಟಲಿಗೆ 47,210. ಗುಣಿಸಿದ್ರೆ 59,012 ರೂಪಾಯಿ 50 ಪೈಸೆ. ಗುಮಾಸ್ತರು 50 ಪೈಸೆ ಬಂತು ಅಂದ್ರೆ ಕಣ್ಣು ಮುಚ್ಚಿ ಮೇಲಕ್ಕೆ ಏರಿಸ್ತಾರೆ, 59,013. ನನ್ನ ಪ್ರೋಗ್ರಾಂ 59,012 ಅಂತ ಹೊಡೀತು. ಅದೇ ದರ 47,214 ಆಗಿದ್ರೆ 59,017 ರೂಪಾಯಿ 50 ಪೈಸೆ, ಅದಕ್ಕೆ ಮಾತ್ರ ಸರಿಯಾಗಿ 59,018 ಕೊಟ್ಟಿತು. ಹಾಗಾಗಿ ನಾನು ಪರೀಕ್ಷೆ ಮಾಡಿದ ನಾಲ್ಕೈದು ಪಟ್ಟೀಲಿ ಸಿಕ್ಕಿಬೀಳಲಿಲ್ಲ. ವಿಬಿ6ರ ರೌಂಡ್ ಫಂಕ್ಷನ್ 50 ಪೈಸೆಯನ್ನ ಹತ್ತಿರದ ಸರಿಸಂಖ್ಯೆ ಯಾವುದೋ ಅತ್ತ ತಳ್ಳತ್ತೆ. ಬ್ಯಾಂಕರ್ಸ್ ರೌಂಡಿಂಗ್ ಅಂತಾರಂತೆ. ಸಾವಿರ ಪಟ್ಟಿ ಕೂಡಿಸಿದ್ರೆ ಏರಿದ್ದು ಇಳಿದದ್ದು ಒಂದಕ್ಕೊಂದು ಹೊಂದ್ಕೊಂಡು ಹೋಗತ್ತೆ ಅನ್ನೋದು ಅದರ ತರ್ಕ. ಆದರೆ ರೈತ ವರ್ಷಕ್ಕೆ ಮಾಡಿಸೋದು ಮೂರು ಪಟ್ಟಿ. ಅವನಿಗೆ ಯಾವುದೂ ಹೊಂದ್ಕೊಳ್ಳಲ್ಲ.

ಆ ಸಲ ಒಬ್ಬರು ಹಿರಿಯರು ಪಟ್ಟಿ ಹಿಡ್ಕೊಂಡು ವಾಪಸು ಬಂದ್ರು. ಅಂಗಿ ಜೇಬಲ್ಲಿ ಕ್ಯಾಲ್ಕುಲೇಟರ್. 'ಒಂದು ರೂಪಾಯಿ ದೊಡ್ಡದಲ್ಲ, ಕಂಪ್ಯೂಟರು ಬಂದ ಮೇಲೆ ನುಂಗೋಕೆ ಶುರು ಮಾಡಿದ್ರಿ ಅಂತ ಆಗಬಾರದು' ಅಂದ್ರು. ಮಾವ ಆವತ್ತು ಊಟಕ್ಕೆ ಕೂತಾಗ ನನ್ನ ಮುಖ ನೋಡಲಿಲ್ಲ. ಮಾರನೇ ವಾರವೆಲ್ಲ ಹಳೇ ಪಟ್ಟಿ ತೆಗೆದು ಯಾರಿಗೆ ರೂಪಾಯಿ ಕಮ್ಮಿ ಹೋಗಿದೆಯೋ ಅವರ ಖಾತೆಗೆ ಜಮಾ ಹಾಕಿದ್ದೇ ಕೆಲಸ.

ಬಡ್ಡಿನೂ ಹಂಗೇ. ನಮ್ಮ ವಖಾರೀಲಿ ತಿಂಗಳಿಗೆ 30 ದಿನ, ವರ್ಷಕ್ಕೆ 360. ನೀನು 365 ಹಾಕಿದ್ರೆ ಗುಮಾಸ್ತರ ಲೆಕ್ಕಕ್ಕೆ ತಾಳೆ ಬರಲ್ಲ. ಪಕ್ಕದ ವಖಾರೀಲಿ 365 ಇರಬಹುದು. ಚೀಲದ ತೂಕ ಅಂತ ಕಳೆಯೋದು ಒಬ್ಬೊಬ್ಬರದ್ದು ಒಂದೊಂದು. ಇವೆಲ್ಲ ಸೆಟ್ಟಿಂಗ್‌ನಲ್ಲಿ ಇರಲಿ, ಕೋಡಿನ ಹೊಟ್ಟೇಲಿ ಬೇಡ. ಅಡಿಕೆ ಜಾತಿನೂ ಅಷ್ಟೆ. ಸಾಗರದಲ್ಲಿ ಸಿಪ್ಪೆಗೋಟು, ಬಿಳಿಗೋಟು, ಕೆಂಪುಗೋಟು, ಕೋಕಾ, ಚಾಲಿ, ರಾಶಿ. ಶಿವಮೊಗ್ಗಕ್ಕೆ ಹೋದ್ರೆ ಸರಕು, ಬೆಟ್ಟೆ, ಗೊರಬಲು ಅಂತ ಬೇರೆ ಸಾಲೇ ಇದೆ.

ಹುಡುಕೋ ಪರದೆ. ನೀನು ಹೆಸರಿನ ಮೇಲೆ ಹುಡುಕೋ ಹಾಗೆ ಮಾಡಿರ್ತೀಯ, ನಾನೂ ಮಾಡಿದ್ದೆ. ಗಣಪತಿ ಅಂತ ಹೊಡೆದ್ರೆ 63 ಜನ ಬಂದ್ರು, ಅದರಲ್ಲಿ 20 ಜನ ಹೆಗಡೆ, ಒಂದೇ ಊರಲ್ಲಿ ನಾಲ್ವರು. ಗುಮಾಸ್ತರು ಮನಸ್ಸಲ್ಲಿ ಹೇಗೆ ಹುಡುಕ್ತಾರೆ ಅಂತ ಆಮೇಲೆ ಗಮನಿಸಿದೆ. ಮೊದಲು ಊರು, ಆಮೇಲೆ ಮನೆ, ಕೊನೇಗೆ ಹೆಸರು. 'ಮೇಲಿನಮನೆ ಗಣಪಣ್ಣ' ಅಂತಾರೆ, ಇನಿಷಿಯಲ್ ಯಾರ ಬಾಯಲ್ಲೂ ಬರಲ್ಲ. ಊರು, ಮನೆ, ಹೆಸರು ಅನ್ನೋ ಕ್ರಮಕ್ಕೆ ಪರದೆ ಬದಲಾಯಿಸಿದೆ. ಆ ಒಂದು ಪರದೆಯಿಂದ ಹತ್ತು ವಖಾರಿ ಸಿಕ್ಕವು.

ಕನ್ನಡದ್ದು ಒಂದು ಪುರಾಣ. ವಿಬಿ6ರ ಪಠ್ಯ ಡಬ್ಬಿಗಳಿಗೆ ಯೂನಿಕೋಡ್ ಬರ್ತಿರಲಿಲ್ಲ, ಕನ್ನಡ ಹಾಕಿದ್ರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಆಗ ನುಡಿ ಅನ್ನೋ ಹಳೇ ಫಾಂಟ್ ಹಾಕಿ ದಾಟಿಸಿದ್ದು. ನೋಡೋಕೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರ ಮತ್ತೆ ಚಿಹ್ನೆ. ಅಕಾರಾದಿ ಮಾಡಿದ್ರೆ ಅದಕ್ಕೇ ಒಂದು ದಾರಿ. 2016ರಲ್ಲಿ ಸಿ ಶಾರ್ಪ್‌ಗೆ ಬಂದಾಗ ಎಲ್ಲಾ ಹೆಸರನ್ನೂ ಯೂನಿಕೋಡ್‌ಗೆ ತಂದೆ. ಅಲ್ಲಿ ಅರ್ಕಾವೊತ್ತು ಕೈ ಕೊಡ್ತು. ಹಳೇ ಫಾಂಟಲ್ಲಿ ಅದು ಕಣ್ಣಿಗೆ ಕಾಣೋ ಜಾಗದಲ್ಲಿ, ಅಂದ್ರೆ ವ್ಯಂಜನದ ನಂತರ ಕೂತಿರತ್ತೆ. ಯೂನಿಕೋಡಲ್ಲಿ ರಕಾರ ಮೊದಲು ಬರಬೇಕು. ಅದನ್ನ ಹಿಂದಕ್ಕೆ ಸರಿಸದೆ ಬದಲಾಯಿಸಿದ್ದಕ್ಕೆ ಒಂದು ಖಾತೆಯ ಪಾರ್ವತಿ 'ಪಾವರ್ತಿ' ಆಗಿಬಿಟ್ರು. ಅವರು ಬಂದು ನಕ್ಕು ಹೋದ್ರು, ಪುಣ್ಯ. ನೀನು ಈಗ ಶುರು ಮಾಡ್ತಿರೋದ್ರಿಂದ ಈ ಗೋಳಿಲ್ಲ, ಮೊದಲಿಂದಲೇ ಯೂನಿಕೋಡ್ ಇಡು.

ಪ್ರಿಂಟ್‌ಗೆ ಮಾತ್ರ ಜಾಣತನ ಮಾಡು. ಡಾಟ್ ಮ್ಯಾಟ್ರಿಕ್ಸ್ ಒಳಗೆ ಕನ್ನಡ ಅಕ್ಷರ ಇಲ್ಲ, ಚಿತ್ರದ ಹಾಗೆ ಹೊಡೀಬೇಕು. 9 ಪಿನ್ ಪ್ರಿಂಟರ್ ಆದ್ರೆ ಒಂದು ಪಟ್ಟಿ ಮುಗಿಯೋದ್ರೊಳಗೆ ಚಾ ಕುಡಿದು ಬರಬಹುದು. ಮೇ ತಿಂಗಳಲ್ಲಿ, ಮಳೆ ಹಿಡಿಯೋ ಮುಂಚೆ ಎಲ್ಲರೂ ಮಾರೋ ಹೊತ್ತಲ್ಲಿ ಅದು ನಡೆಯಲ್ಲ. ಅದಕ್ಕೆ ಪಟ್ಟಿಯ ಕಾಗದವನ್ನೇ ಪ್ರೆಸ್ಸಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸು. ವಖಾರಿ ಹೆಸರು, ಚೀಲ, ತೂಕ, ದರ, ಹಮಾಲಿ, ಮುಂಗಡ, ಬಾಕಿ ಎಲ್ಲ ಅಚ್ಚಲ್ಲೇ ಇರಲಿ. ಪ್ರಿಂಟರ್ ಹೊಡೆಯೋದು ಅಂಕಿ ಮಾತ್ರ. ರೈತರ ಹೆಸರೊಂದನ್ನ ಚಿತ್ರವಾಗಿ ಹೊಡಿ, ಒಂದು ಸಾಲಿಗೆ ಎಷ್ಟು ಹೊತ್ತು ಬೇಕು. ಕಾರ್ಬನ್ ಪ್ರತಿ ಬೇಕೇ ಬೇಕು, ಹಾಗಾಗಿ ಇಂಕ್‌ಜೆಟ್ ತಗೊಳ್ಳಿ ಅಂತ ಸಲಹೆ ಕೊಡೋಕೆ ಹೋಗಬೇಡ.

ಲಾಕ್. ಮೊದಲ ಎರಡು ವರ್ಷ ಹಾರ್ಡ್ ಡಿಸ್ಕ್ ನಂಬರಿಗೆ ಕಟ್ಟಿದ್ದೆ. ನಾನು ತಂಗಿ ಬಾಣಂತನಕ್ಕೆ ತವರಿಗೆ ಹೋದಾಗ ಒಂದು ಕಡೆ ಡಿಸ್ಕ್ ಹೋಯ್ತು. ಹೊಸದು ಹಾಕಿದ್ರೆ ನನ್ನ ಪ್ರೋಗ್ರಾಂ ತೆರೆಯಲ್ಲ ಅಂತ ಕೂತಿದೆ, ಅಂಗಳದಲ್ಲಿ 15 ಜನ ರೈತರು. ಅವತ್ತೇ ತೆಗೆದೆ. ಈಗ ಇರೋದು ಇಷ್ಟೆ: ಪ್ರತಿ ಪಟ್ಟಿಯ ಬುಡದಲ್ಲಿ ಮತ್ತೆ ವರದಿಯ ನೆತ್ತಿಯಲ್ಲಿ ವಖಾರಿ ಹೆಸರು ಪ್ರೋಗ್ರಾಮೇ ಹೊಡೆಯತ್ತೆ, ಅದನ್ನ ಬದಲಾಯಿಸೋಕೆ ನನ್ನಿಂದ ಒಂದು ಸಣ್ಣ ಫೈಲ್ ಬೇಕು. ಎದುರು ವಖಾರಿಯ ಹೆಸರಿರೋ ಪಟ್ಟಿಯನ್ನ ತನ್ನ ರೈತನಿಗೆ ಕೊಡೋ ಸಾಹುಕಾರ ಇನ್ನೂ ಹುಟ್ಟಿಲ್ಲ.

ದುಡ್ಡು ನಾನು ಹೊಸಬರಿಗೆ 18,000, ಆಮೇಲೆ ವರ್ಷಕ್ಕೆ 4,500 ತಗೋತೀನಿ. ವರ್ಷದ ದುಡ್ಡು ಕೇಳೋಕೆ ನನಗೆ ಹತ್ತು ವರ್ಷ ಧೈರ್ಯ ಬಂದಿರಲಿಲ್ಲ, ಎಲ್ಲರೂ ಒಂದಲ್ಲ ಒಂದು ರೀತಿ ನೆಂಟರೇ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂತು. ಮೂರು ತಿಂಗಳು ನಾನು ಮಲಗಲಿಲ್ಲ. ಅದಕ್ಕೂ ಫೋನಲ್ಲಿ 'ಅಕ್ಕಾ ಸ್ವಲ್ಪ ನೋಡಿ' ಅಷ್ಟೆ. ಆ ದೀಪಾವಳಿಗೆ ಎಲ್ಲರಿಗೂ ಪತ್ರ ಬರೆದು ವರ್ಷಕ್ಕೆ ಇಷ್ಟು ಅಂತ ಹೇಳಿದೆ. ಮೂವರು ಬಿಟ್ಟರು. ಅದರಲ್ಲಿ ಇಬ್ಬರು ವಾಪಸು ಬಂದ್ರು.

ನಿನ್ನ ಲೆಕ್ಕ ನೀನೇ ಹಾಕ್ಕೋ. 41ಕ್ಕೆ 4,500 ಅಂದ್ರೆ 1,84,500. ತೋಟ ಇದ್ದವರಿಗೆ ಇದು ಒಳ್ಳೇ ದುಡ್ಡು, ಇದನ್ನೇ ನಂಬಿ ಬೆಂಗಳೂರಿನ ಕೆಲಸ ಬಿಡಬೇಡ.


ಬಿಲ್ಲೆ ಹುಚ್ಚ:

ಅಕ್ಕಾರ ಮಾತು ಖರೇ ಐತಿ. ನಾ ಧಾರವಾಡದಾವ, ವ್ಯಾಪಾರದ ಕಥಿ ನನಗ ಗೊತ್ತಿಲ್ಲ, ಹವ್ಯಾಸದ್ದು ಹೇಳ್ತೀನಿ. ನಾಣ್ಯ ಕೂಡಿಸೋದು ನನ್ನ ಹುಚ್ಚು. ನನ್ನ ಸಂಗ್ರಹ ಬರದಿಡಾಕ ಲಜಾರಸ್ ಅನ್ನೂ ಸಾಧನದಾಗ ಒಂದು ಸಣ್ಣ ಪ್ರೋಗ್ರಾಂ ಮಾಡಿದೆ, ಮಾಹಿತಿ ಇಡಾಕ ಹಿಂದ ಎಸ್‌ಕ್ಯೂಲೈಟ್ ಡೇಟಾಬೇಸ್. ಗೆಳೆಯಾರು ಕೇಳಿದ್ರು, ಪುಕ್ಕಟ ಕೊಟ್ಟೆ.

ಟಂಕಸಾಲಿ ಅನ್ನೋ ಕಡೆ ನಾಲ್ಕ ಹೆಸರಿನ ಪಟ್ಟಿ ಇಟ್ಟಿದ್ದೆ: ಮುಂಬೈ, ಕೋಲ್ಕತ್ತ, ಹೈದರಾಬಾದ್, ನೋಯಿಡಾ. ಇಸವಿ ಕೆಳಗ ವಜ್ರದ ಗುರುತಿದ್ರ ಮುಂಬೈ, ಚುಕ್ಕಿ ಇದ್ರ ನೋಯಿಡಾ, ನಕ್ಷತ್ರ ಇದ್ರ ಹೈದರಾಬಾದ್, ಏನೂ ಇಲ್ಲಂದ್ರ ಕೋಲ್ಕತ್ತ. ಭಾಳ ಶಾಣ್ಯಾತನ ಮಾಡಿ, ಗುರುತು ಆರಿಸಿದ್ರ ಊರು ತಾನ ಬರೂ ಹಂಗ ಮಾಡಿದ್ದೆ. ಹುಬ್ಬಳ್ಳಿಯ ಒಬ್ಬರು 1985ರ ಒಂದು ರೂಪಾಯಿ ತಂದು ಮುಂದಿಟ್ರು. ಇಸವಿ ಕೆಳಗ ಎಚ್ ಅಂತ ಐತಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಹೀಟನ್ ಟಂಕಸಾಲ್ಯಾಗ ಹೊಡಿಸಿದ್ದು. ಅವಾಗ ನಮ್ಮ ಸರ್ಕಾರ ಹೊರಗ ಹೊಡಿಸಿತ್ತು. ನನ್ನ ಪಟ್ಟ್ಯಾಗ ಅದಕ್ಕ ಜಾಗಾನ ಇಲ್ಲ. ಹೈದರಾಬಾದಿಗೆ ನಕ್ಷತ್ರ ಒಂದ ಅಲ್ಲ, ಸೀಳಿದ ವಜ್ರ, ಒಳಗ ಚುಕ್ಕಿ ಇದ್ದ ವಜ್ರ ಅಂತ ಬ್ಯಾರೆ ಬ್ಯಾರೆ ಅದಾವು. ನೋಯಿಡಾ ಶುರು ಆಗಿದ್ದ 1988ಕ್ಕ, ಆದ್ರ ನನ್ನ ಪ್ರೋಗ್ರಾಂ 1960ರ ನಾಣ್ಯಕ್ಕೂ ನೋಯಿಡಾ ಅಂತ ಬರಕೊಳ್ಳಾಕ ಬಿಡ್ತಿತ್ತು.

ವ್ಯಾಪಾರಸ್ಥರು ಒಂದ ರೂಪಾಯಿ ತಪ್ಪಿದ್ರ ಬರ್ತಾರ. ಹುಚ್ಚಿನವರು ಏನೂ ತಪ್ಪಲಿಲ್ಲಂದ್ರೂ ರಾತ್ರಿ ಹನ್ನೊಂದಕ್ಕ ಫೋನ್ ಮಾಡ್ತಾರ. 'ಚಿತ್ರ ಎರಡೂ ಮಗ್ಗಲದ್ದು ಒಂದ ಸಲ ಕಾಣಬೇಕು', 'ತೂಕಕ್ಕ ಎರಡು ಅಲ್ಲ, ಮೂರು ದಶಾಂಶ ಬೇಕು'. ರೊಕ್ಕ ಮಾತ್ರ ಕೇಳಬ್ಯಾಡ್ರಿ. ಒಬ್ರು ಪ್ರೀತಿಲೆ ಒಂದು ಆಣೆ ಕೊಟ್ಟಾರ, ಅದನ್ನ ಪ್ರೋಗ್ರಾಮಿನ್ಯಾಗ ಬರದಿಟ್ಟೀನಿ.


ಮೋಡದ ಮೇಲೆ:

ಖಾತೆ ಪುಸ್ತಕದ ಮಾತು ನನಗೆ ಹೊಳೆದಿರಲಿಲ್ಲ, ಒಪ್ಪಿದೆ. ಡೆಸ್ಕ್‌ಟಾಪೇ ಆದ್ರೆ ಒಂದು ಎಚ್ಚರ. ಡಿಜಿಟಲ್ ಸಹಿ ಇಲ್ಲದ ಇನ್‌ಸ್ಟಾಲರ್ ನೋಡಿದ್ರೆ ವಿಂಡೋಸ್ ನೀಲಿ ಪರದೆ ತೋರಿಸಿ ಹೆದರಿಸತ್ತೆ. ಆ ಸಹಿ ಹಾಕೋಕೆ ಬೇಕಾದ ಕೋಡ್ ಸೈನಿಂಗ್ ಸರ್ಟಿಫಿಕೇಟ್ ಈಗ ಸುಮ್ಮನೆ ಫೈಲ್ ರೂಪದಲ್ಲಿ ಸಿಗಲ್ಲ, 2023ರ ಜೂನ್‌ನಿಂದ ಕೀಲಿಯನ್ನ ಯುಎಸ್‌ಬಿ ಟೋಕನ್ ಥರದ ಯಂತ್ರದಲ್ಲೇ ಇಡಬೇಕು ಅನ್ನೋ ನಿಯಮ ಇದೆ. ವರ್ಷ ವರ್ಷ ಖರ್ಚು. ನಲವತ್ತು ಗಿರಾಕಿಗೆ ಅದು ಬೇಕಾ, ಬೈಕಲ್ಲಿ ಹೋಗಿ 'ರನ್ ಎನಿವೇ' ಒತ್ತಿ ಬರೋದು ಸಾಕಾ ಅಂತ ನೀವೇ ನೋಡಿ.


ಕೆಂಪುಗೋಟು:

ನಮ್ಮ ಯಜಮಾನರು ಒತ್ತಿ ಬರ್ತಾರೆ.


ತೋಟದಾಚೆ:

ಅಕ್ಕಾ, ತುಂಬ ಉಪಕಾರ. ನಾಲ್ಕು ದಿನ ವಖಾರೀಲೇ ಕೂತಿದ್ದೆ, ಅದಕ್ಕೇ ಉತ್ತರ ತಡ. ಗುಮಾಸ್ತರು ಮೊದಲ ದಿನ ನನ್ನ ಹತ್ರ ಮಾತೇ ಆಡಲಿಲ್ಲ. ಕೆಲಸ ಕಿತ್ಕೊಳ್ಳೋಕೆ ಬಂದಿದ್ದಾನೆ ಅಂದ್ಕೊಂಡಿದ್ರಂತೆ. ಇನ್ನೂರು ಪಟ್ಟಿ ತೆಗೆಸಿದ ಮೇಲೆ ಅವರೇ ಒಂದೊಂದರ ಕಥೆ ಹೇಳೋಕೆ ಶುರು ಮಾಡಿದ್ರು. ವಖಾರೀಲಿ ಎರಡು ಕಂಪ್ಯೂಟರ್ ಆಗತ್ತೆ, ಹಾಗಾಗಿ ಎಸ್‌ಕ್ಯೂಲೈಟ್ ಫೈಲನ್ನ ಹಂಚಿದ ಫೋಲ್ಡರಲ್ಲಿ ಇಡೋ ಯೋಚನೆ ಇದೆ.

ಆದರೆ ವಿಚಿತ್ರ ಒಂದಾಗಿದೆ. ಫಾಕ್ಸ್‌ಪ್ರೊ ಖಾತೆಗಳನ್ನ ಇಟ್ಟಿದ್ದ ಹಳೇ ಡಿಬಿಎಫ್ ಫೈಲುಗಳನ್ನ ಓದೋಕೆ ನಾನೇ ಒಂದು ತುಂಡು ಕೋಡ್ ಬರೆದೆ. ರಚನೆ ಸರಳ ಇದೆ, ಮೊದಲ 32 ಬೈಟ್ ತಲೆ, ಆಮೇಲೆ ಕಾಲಮ್ಮಿಗೆ 32 ಬೈಟ್, ಆಮೇಲೆ ದಾಖಲೆಗಳು. ಎಲ್ಲಾ ಸಲೀಸಾಗಿ ಬಂತು. ಬಾಕಿದಾರರ ಪಟ್ಟಿ ತೆಗೆದು ದೊಡ್ಡಪ್ಪನಿಗೆ ತೋರಿಸಿದೆ. ಎರಡನೇ ಪುಟದಲ್ಲಿ ಕನ್ನಡಕ ತೆಗೆದಿಟ್ಟರು. 'ಇವರು ತೀರಿಹೋಗಿ ಹನ್ನೆರಡು ವರ್ಷ ಆಯ್ತು. ಸಾಲ ಅದಕ್ಕೂ ಮುಂಚೆ ತೀರಿತ್ತು. ಇವನು ತೋಟ ಮಾರಿ ಪುಣೆಗೆ ಹೋದ, ಪೂರಾ ಚುಕ್ತಾ.' ಹೀಗೆ 70ಕ್ಕೂ ಹೆಚ್ಚು ಖಾತೆ. ಡಾಸ್‌ಬಾಕ್ಸಲ್ಲಿ ಹಳೇ ಪ್ರೋಗ್ರಾಂ ತೆರೆದ್ರೆ ಇವರು ಯಾರೂ ಇಲ್ಲ. ನನ್ನದರಲ್ಲಿ ಮಾತ್ರ ಎದ್ದು ಬಂದಿದ್ದಾರೆ. ಫೈಲ್ ಕೆಟ್ಟಿದೆಯಾ?


ಕೆಂಪುಗೋಟು:

ಆ ಪಟ್ಟಿ ಯಾರ ಕೈಗೂ ಕೊಟ್ಟಿಲ್ಲ ತಾನೆ? ಮೊದಲು ಅದನ್ನ ಹರಿ.

ಫೈಲ್ ಸರಿಯಾಗಿಯೇ ಇದೆ. ಡಿಬಿಎಫಲ್ಲಿ ಅಳಿಸೋದು ಅಂದ್ರೆ ಅಳಿಸೋದಲ್ಲ. ಪ್ರತಿ ದಾಖಲೆಯ ಮೊದಲ ಬೈಟ್ ನೋಡು. ಖಾಲಿ ಜಾಗ ಇದ್ರೆ ದಾಖಲೆ ಜೀವಂತ ಇದೆ, ನಕ್ಷತ್ರ ಚಿಹ್ನೆ ಇದ್ರೆ ಅಳಿಸಿದ್ದು. ಫಾಕ್ಸ್‌ಪ್ರೊದಲ್ಲಿ ಪ್ಯಾಕ್ ಅನ್ನೋ ಆಜ್ಞೆ ಕೊಟ್ಟಾಗಲೇ ಅದು ನಿಜವಾಗಿ ಫೈಲಿಂದ ಹೋಗೋದು. ಹುಬ್ಬಳ್ಳಿಯಿಂದ ಬರ್ತಿದ್ದವರು ಬರೋದು ನಿಲ್ಲಿಸಿದ ಮೇಲೆ ಯಾರೂ ಪ್ಯಾಕ್ ಮಾಡಿಲ್ಲ, ಅಷ್ಟೆ. ಹಳೇ ಪ್ರೋಗ್ರಾಂ ನಕ್ಷತ್ರ ಇದ್ದವರನ್ನ ತೋರಿಸದೆ ಬಿಡ್ತಿತ್ತು. ನೀನು ಆ ಬೈಟನ್ನ ದಾಟಿ ಓದಿದೀಯ.

ನನಗೆ ಹೇಗೆ ಗೊತ್ತು ಅಂತ ಕೇಳಬೇಡ ಅನ್ನೋಣ ಅಂದ್ಕೊಂಡೆ, ಹೇಳೇಬಿಡ್ತೀನಿ. 2006ರಲ್ಲಿ ಒಂದು ವಖಾರಿಯ ಹಳೇ ಡಿಬಿಎಫ್ ನನ್ನದಕ್ಕೆ ತಂದೆ. ದೀಪಾವಳಿ ಹತ್ರ, ಸಾಹುಕಾರರು ಬಾಕಿ ಇದ್ದವರಿಗೆ ನೆನಪಿನ ಪತ್ರ ಹೊಡಿ ಅಂದ್ರು. ಹೊಡೆದೆ. ಅಂಚೆಗೂ ಹೋಯ್ತು. ಎಂಟು ದಿನಕ್ಕೆ ಒಬ್ಬರು ಮುದುಕರು ನಡ್ಕೊಂಡೇ ಬಂದ್ರು, ಕಬ್ಬಿಣದ ಟ್ರಂಕಿನಿಂದ ತೆಗೆದಿದ್ದ ರಸೀತಿ ಪ್ಲಾಸ್ಟಿಕ್ ಕವರಲ್ಲಿ ಇಟ್ಕೊಂಡು. ಸಾಲ ತೀರಿಸಿದ ರಸೀತಿ. ಜಗಳ ಆಡಲಿಲ್ಲ. ರಸೀತಿಯನ್ನ ಮೇಜಿನ ಮೇಲೆ ಇಟ್ಟು, ಅಂಗೈಯಲ್ಲಿ ಒತ್ತಿ ಸುಕ್ಕು ತೆಗೆದು, 'ಓದಿ' ಅಂದ್ರು. ಸಾಹುಕಾರರು ಓದಿದ್ರು. ನಾನು ಮೂಲೇಲಿ ನಿಂತಿದ್ದೆ. ಆಮೇಲೆ ಆ ಪತ್ರ ಹೋದ ಮನೆಗಳಿಗೆಲ್ಲ ಸಾಹುಕಾರರ ಜೊತೆ ನಾನೂ ಹೋಗಿ ಬಂದೆ. ಕೆಲವರು ಶರಬತ್ತು ಕೊಟ್ಟು ಕಳಿಸಿದ್ರು. ಒಂದು ಮನೇಲಿ ಒಳಗೆ ಕರೀಲಿಲ್ಲ.

ನಕ್ಷತ್ರದವರನ್ನ ಪೂರ್ತಿ ಬಿಸಾಡಬೇಡ. ಬೇರೆ ಕೋಷ್ಟಕದಲ್ಲಿ ಇಡು, ಗುಮಾಸ್ತರ ಎದುರು ಒಂದೊಂದೇ ಓದಿ ಚುಕ್ತಾ ಅಂತ ಗುರುತು ಹಾಕು. ಅಪರೂಪಕ್ಕೆ ಯಾರೋ ತಪ್ಪಿ ಅಳಿಸಿದ್ದೂ ಇರತ್ತೆ.

ಎಸ್‌ಕ್ಯೂಲೈಟ್ ಫೈಲನ್ನ ನೆಟ್‌ವರ್ಕ್ ಫೋಲ್ಡರಲ್ಲಿ ಇಟ್ಟು ಎರಡು ಕಡೆಯಿಂದ ತೆರೆಯೋ ಯೋಚನೆ ಬಿಡು. ಬರೆಯೋ ಹೊತ್ತಿಗೆ ಕರೆಂಟ್ ಹೋಗಿ ಬಂದ್ರೆ ಕಷ್ಟ, ಬದಲಾವಣೆಯನ್ನ ಮೊದಲು ಬೇರೆ ಫೈಲಿಗೆ ಬರೆಯೋ ಅದರ ವಾಲ್ ಅನ್ನೋ ವಿಧಾನ ನೆಟ್‌ವರ್ಕ್ ಮೇಲೆ ನಡೆಯೋದೂ ಇಲ್ಲ. ಹಿಂದೆ ಆಕ್ಸೆಸ್ ಫೈಲನ್ನ ಹೀಗೇ ಹಂಚಿ ನಾನು ಪಟ್ಟ ಪಾಡು ಸಾಕು, ವಾರಕ್ಕೊಂದು ರಿಪೇರಿ. ಎರಡನೇ ಕಂಪ್ಯೂಟರ್ ಇರೋ ಕಡೆ ನಾನು ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್ ಸರ್ವರ್ ಹಾಕ್ತೀನಿ, ದೊಡ್ಡ ಕೋಣೆಯ ಕಂಪ್ಯೂಟರಿಗೆ ಒಳ್ಳೇ ಯುಪಿಎಸ್ ಕೊಡಿಸ್ತೀನಿ. ಯುಪಿಎಸ್ ಇಲ್ಲದಿದ್ರೆ ಇನ್‌ಸ್ಟಾಲ್ ಮಾಡಲ್ಲ ಅಂತ ಮೊದಲೇ ಹೇಳಿಬಿಡೋದು.


ತೋಟದಾಚೆ:

ಪಟ್ಟಿ ಹರಿದು ಒಲೆಗೆ ಹಾಕಿದೆ. ನಕ್ಷತ್ರ ಇದ್ದದ್ದು 74 ಖಾತೆ. ಗುಮಾಸ್ತರ ಜೊತೆ ಕೂತು ಓದಿದ್ವಿ. 73 ಚುಕ್ತಾ. ಒಂದು ಮಾತ್ರ ಅಳಿಸಬಾರದಿತ್ತು, ಯಾರದ್ದು ಅಂತ ಇಲ್ಲಿ ಹೇಳಲ್ಲ. ದೊಡ್ಡಪ್ಪ 'ಇರಲಿ ಬಿಡು, ಅದನ್ನೂ ಚುಕ್ತಾ ಅಂತ ಬರಿ' ಅಂದ್ರು.

ರೌಂಡಿಂಗ್ ಬಗ್ಗೆ ನೀವು ಹೇಳಿದ್ದು ವಿಬಿಯ ಕಥೆ, ಜಾವಾದ ಮ್ಯಾಥ್ ರೌಂಡ್ 50 ಪೈಸೆಯನ್ನ ಮೇಲಕ್ಕೇ ಏರಿಸತ್ತೆ, ಹಾಗಾಗಿ ನನಗೆ ಆ ತೊಂದರೆ ಇಲ್ಲ.


ಕೆಂಪುಗೋಟು:

ಲೆಕ್ಕ ಅದರಲ್ಲಿ ಮಾಡಿದೀಯ ಸರಿ. ಪ್ರಿಂಟಿಗೆ ಕಳಿಸೋವಾಗ ಅಂಕಿಗೆ ಅಲ್ಪವಿರಾಮ ಹಾಕೋಕೆ ಏನು ಬಳಸಿದೀಯ? ನನ್ನ ಮಗ ಜಾವಾ ಓದ್ತಿದ್ದಾನೆ, ಅವನ ಹತ್ರ ಕೇಳಿದೆ. 1 ಕ್ವಿಂಟಲ್ 25 ಕೆಜಿ, 47,210 ದರ ಹಾಕಿ ಒಂದು ಪಟ್ಟಿ ಹೊಡೆದು ನೋಡು.


ತೋಟದಾಚೆ:

ಮೊತ್ತವನ್ನ ಪೈಸೆ ಸಮೇತ ಇಟ್ಕೊಂಡು, ಪ್ರಿಂಟಲ್ಲಿ ಮಾತ್ರ ಜಾವಾದ ಡೆಸಿಮಲ್‌ಫಾರ್ಮ್ಯಾಟ್ ಬಳಸಿದ್ದೆ. ಅದು ತಾನಾಗಿ ಸರಿಸಂಖ್ಯೆ ಕಡೆಗೇ ಹೋಗತ್ತಂತೆ.

ಪರದೇಲಿ 59,013. ಕಾಗದದಲ್ಲಿ 59,012.

ಗುಮಾಸ್ತರು ಪಕ್ಕದಲ್ಲೇ ನಿಂತಿದ್ರು. ಒಂದು ರೂಪಾಯಿ ನಾಣ್ಯ ತೆಗೆದು ಕೀಬೋರ್ಡ್ ಮೇಲೆ ಇಟ್ಟು ಊಟಕ್ಕೆ ಹೋದ್ರು.


ಬಿಲ್ಲೆ ಹುಚ್ಚ:

ಯಾವ ಇಸವಿದು? ಕೆಳಗ ಏನರ ಗುರುತು ಐತೇನು ನೋಡ್ರಿ.